ತಾಪಸಂವೇದಿ ಹೈಡ್ರೋಜೆಲ್: ಹುಣಸೆ ಬೀಜದಿಂದ ಪ್ರಯೋಗಾಲಯದವರೆಗೆ

ತಾಪಸಂವೇದಿ ಹೈಡ್ರೋಜೆಲ್ ಎಂಬುದು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವ, ಆದರೆ ನೀರಿನಲ್ಲಿ ಕರಗಿಹೋಗದ ಪಾಲಿಮರ್ ಜಾಲ. ಉಷ್ಣತೆ ಒಂದು ಮಟ್ಟವನ್ನು ದಾಟಿದಾಗ ಅದರ ಸ್ವರೂಪವೇ ಬದಲಾಗುತ್ತದೆ. ಬದಲಾವಣೆಯಲ್ಲಿ ಎರಡು ಬಗೆಗಳಿವೆ. ರಾಸಾಯನಿಕ ಅಡ್ಡಕೊಂಡಿಗಳಿಂದ ಬಿಗಿದ ಜಾಲವು ಬಿಸಿಯಾದಾಗ ಕುಗ್ಗಿ ನೀರನ್ನು ಹೊರಹಾಕುತ್ತದೆ, ತಣ್ಣಗಾದಾಗ ಮತ್ತೆ ಉಬ್ಬುತ್ತದೆ; ಪಾಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಇದರ ಪ್ರಸಿದ್ಧ ಉದಾಹರಣೆ. ಇನ್ನೊಂದು ಬಗೆಯಲ್ಲಿ ಹರಿದಾಡುವ ದ್ರಾವಣವೇ ಬಿಸಿಗೆ ಗಟ್ಟಿಕಟ್ಟಿ ಜೆಲ್ ಆಗುತ್ತದೆ, ತಣಿಸಿದರೆ ಮತ್ತೆ ದ್ರವವಾಗುತ್ತದೆ. ಕಿಣ್ವದಿಂದ ಸಂಸ್ಕರಿಸಿದ ಹುಣಸೆ ಬೀಜದ ಕ್ಸೈಲೊಗ್ಲುಕಾನ್ ಈ ಎರಡನೆಯ ಗುಂಪಿಗೆ ಸೇರುತ್ತದೆ. ಅದರ ಕಚ್ಚಾವಸ್ತು ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹೊಲದ ಬದುಗಳಲ್ಲಿ, ಊರ ತೋಪುಗಳಲ್ಲಿ, ರಸ್ತೆಯ ಇಕ್ಕೆಲಗಳಲ್ಲಿ ಬೆಳೆಯುವ ಹುಣಸೆ ಮರಗಳಿಂದ ಪ್ರತಿವರ್ಷ ಸಿಗುತ್ತದೆ. ಕುಗ್ಗುವ ಜೆಲ್‌ನ ವಿಷಯದಲ್ಲಿಯೂ ಈ ಸೀಮೆಗೆ ನೆರೆಯ ನಂಟಿದೆ. ಪಾವಗಡದ ಗಡಿಯಾಚೆ ಅನಂತಪುರದಲ್ಲಿರುವ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಶೋಧಕರು ಕೂಡಿ ಇಂಥ ಜೆಲ್‌ಗಳ ಮೇಲೆ ಕೆಲಸ ಮಾಡಿದ್ದಾರೆ.

ಉಷ್ಣತೆ ಜಾಲವನ್ನು ಬದಲಿಸುವ ಬಗೆ

ಸಕ್ಕರೆ, ಉಪ್ಪು ಮುಂತಾದ ಹೆಚ್ಚಿನ ಪದಾರ್ಥಗಳು ನೀರು ಬಿಸಿಯಾದಷ್ಟೂ ಚೆನ್ನಾಗಿ ಕರಗುತ್ತವೆ. ಐಸೊಪ್ರೊಪೈಲ್ ಅಕ್ರಿಲಮೈಡ್‌ನ ಸರಪಳಿಯ ನಡವಳಿಕೆ ಇದಕ್ಕೆ ವಿರುದ್ಧ. ಅದರಲ್ಲಿ ನೀರಿನೊಡನೆ ಹೈಡ್ರೋಜನ್ ಬಂಧ ಬೆಸೆಯುವ ಅಮೈಡ್ ಗುಂಪುಗಳೂ ನೀರಿನಿಂದ ದೂರ ಸರಿಯುವ ಐಸೊಪ್ರೊಪೈಲ್ ಗುಂಪುಗಳೂ ಒಟ್ಟಿಗೇ ಇವೆ. ತಂಪಿನಲ್ಲಿ ನೀರಿನ ಅಣುಗಳು ಐಸೊಪ್ರೊಪೈಲ್ ಗುಂಪುಗಳ ಸುತ್ತ ಕ್ರಮಬದ್ಧವಾಗಿ ನಿಂತು ಸರಪಳಿಯನ್ನು ಕರಗಿದ ಸ್ಥಿತಿಯಲ್ಲಿ ಇರಿಸುತ್ತವೆ. ಉಷ್ಣತೆ ಏರಿದಂತೆ ಆ ಕ್ರಮವನ್ನು ಉಳಿಸಿಕೊಳ್ಳುವುದು ಶಕ್ತಿಯ ಲೆಕ್ಕದಲ್ಲಿ ದುಬಾರಿಯಾಗುತ್ತದೆ. ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ನೀರು ಬಿಡುಗಡೆಯಾಗಿ, ಐಸೊಪ್ರೊಪೈಲ್ ಗುಂಪುಗಳು ಒಂದಕ್ಕೊಂದು ಅಂಟಿಕೊಂಡು, ಸರಪಳಿ ಮುದುಡಿಕೊಳ್ಳುತ್ತದೆ. ಆಗ ತಿಳಿಯಾಗಿದ್ದ ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ. ಈ ಮಟ್ಟಕ್ಕೆ ಕೆಳ ನಿರ್ಣಾಯಕ ದ್ರಾವಣ ತಾಪ ಎಂದು ಹೆಸರು. ಟೊರಾಂಟೊ ವಿಶ್ವವಿದ್ಯಾಲಯದ ಹೆಸ್ಕಿನ್ಸ್ ಮತ್ತು ಗಿಲೆಟ್ 1968ರಲ್ಲಿ ಇದನ್ನು ವಿವರವಾಗಿ ವರದಿ ಮಾಡಿದರು.

ನೀರು ಹೀರುವ ಕೃತಕ ಜಾಲಗಳ ಚರಿತ್ರೆ ಅದಕ್ಕಿಂತ ಸ್ವಲ್ಪ ಹಳೆಯದು. ಜೆಕೊಸ್ಲೊವಾಕಿಯಾದ ಒಟ್ಟೊ ವಿಖ್ಟರ್ಲೆ ಮತ್ತು ದ್ರಹೊಸ್ಲಾವ್ ಲಿಮ್ 1960ರಲ್ಲಿ ದೇಹಕ್ಕೆ ಒಗ್ಗುವ ಜಲಪ್ರಿಯ ಜೆಲ್‌ಗಳನ್ನು ಪ್ರಕಟಿಸಿದರು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹುಟ್ಟಿದ್ದು ಅಲ್ಲಿಂದ. ಜೆಲ್ ಒಂದು ಹಂತದಲ್ಲಿ ಮೆಲ್ಲಗೆ ಕುಗ್ಗದೆ ಥಟ್ಟನೆ ಕುಸಿಯಬಲ್ಲದು ಎಂಬುದನ್ನು ಅಮೆರಿಕದ ಎಂಐಟಿಯಲ್ಲಿದ್ದ ಟೊಯೊಇಚಿ ತನಾಕಾ 1978ರಲ್ಲಿ ತೋರಿಸಿದರು. 1984ರಲ್ಲಿ ಹಿರೊಕಾವಾ ಮತ್ತು ತನಾಕಾ ಐಸೊಪ್ರೊಪೈಲ್ ಅಕ್ರಿಲಮೈಡ್ ಜೆಲ್‌ನಲ್ಲಿ ಉಷ್ಣತೆಯಿಂದಲೇ ಆಗುವ ಗಾತ್ರದ ಕುಸಿತವನ್ನು ದಾಖಲಿಸಿದರು. ದೇಹದ ಉಷ್ಣತೆಗೆ ಹತ್ತಿರವಾದ ಮಟ್ಟದಲ್ಲಿ ಬದಲಾಗುವ ವಸ್ತುವೊಂದು ಕೈಗೆ ಸಿಕ್ಕಿದ್ದರಿಂದ ಔಷಧ ವಿಜ್ಞಾನಿಗಳು ಇತ್ತ ಕಣ್ಣುಹಾಯಿಸಿದರು.

ಹುಣಸೆ ಬೀಜದ ಪಾಲಿಸ್ಯಾಕರೈಡ್

ಮಧುಗಿರಿ ಸೀಮೆಯ ಒಣ ಭೂಮಿಯಲ್ಲಿ ಹುಣಸೆ ಬರವನ್ನು ತಾಳಿ ನಿಲ್ಲುವ ಮರ. ಜನವರಿಯಿಂದ ಏಪ್ರಿಲ್‌ವರೆಗೆ ಕಾಯಿ ಕೀಳುವ, ಬಡಿಯುವ, ಸಿಪ್ಪೆ, ನಾರು ಮತ್ತು ಬೀಜ ಬೇರ್ಪಡಿಸುವ ಕೆಲಸ ನಡೆಯುತ್ತದೆ. ಈ ಕೆಲಸದ ಬಹುಪಾಲು ಹೆಂಗಸರದು. ಹಣ್ಣು ತುಮಕೂರು ಮತ್ತು ಹಿಂದೂಪುರದ ಮಾರುಕಟ್ಟೆಗಳಿಗೆ ಸಾಗುತ್ತದೆ. ಕಾಯಿಯ ತೂಕದಲ್ಲಿ ಸುಮಾರು 55 ಪಾಲು ತಿರುಳು, 34 ಪಾಲು ಬೀಜ, ಉಳಿದದ್ದು ಸಿಪ್ಪೆ ಮತ್ತು ನಾರು. ಅಂದರೆ ಮೂರನೆಯ ಒಂದರಷ್ಟು ತೂಕ ಬೀಜದ್ದೇ. ಆದರೆ ಹಣ್ಣಿನ ಧಾರಣೆಯ ಚರ್ಚೆಯಲ್ಲಿ ಬೀಜದ ಮಾತು ಬರುವುದು ಅಪರೂಪ. ಡೆಕ್ಕನ್ ಉಣ್ಣೆಯ ಕಂಬಳಿ ನೇಯುವವರು ಮಾತ್ರ ಈ ಬೀಜದ ಬೆಲೆಯನ್ನು ಬಹುಕಾಲದಿಂದ ಬಲ್ಲರು. ನೂಲು ಹರಿಯದಂತೆ ಬಿಗಿಗೊಳಿಸಲು ಅವರು ಬಳಸುವುದು ಹುಣಸೆ ಬೀಜದ ಗಂಜಿಯನ್ನೇ. ಆ ಗಂಜಿಗೆ ಅಂಟು ಕೊಡುವ ಪಾಲಿಸ್ಯಾಕರೈಡೇ ಇಂದಿನ ತಾಪಸಂವೇದಿ ಜೆಲ್‌ನ ಮೂಲವಸ್ತು.

ಬೀಜದ ಒಳತಿರುಳಿನಲ್ಲಿ ಅರ್ಧದಷ್ಟು ಭಾಗ ಜೆಲ್ ಕಟ್ಟುವ ಪದಾರ್ಥವಿದೆ ಎಂದು ಟಿ.ಪಿ. ಘೋಷ್ ಮತ್ತು ಎಸ್. ಕೃಷ್ಣ ಎಂಬ ಭಾರತೀಯ ವಿಜ್ಞಾನಿಗಳು 1942ರಲ್ಲಿ ಪ್ರಕಟಿಸಿದರು. ಅವರು ಕೊಟ್ಟ ಪ್ರಮಾಣ ಶೇ. 46ರಿಂದ 48. ಶುದ್ಧೀಕರಿಸಿದ ರೂಪವನ್ನು ತಯಾರಿಸುವ ವಿಧಾನಕ್ಕೆ ಮುಂಬಯಿಯ ಜಿ.ಆರ್. ಸವೂರ್ ಪೇಟೆಂಟ್ ಪಡೆದರು. ಆ ಪದಾರ್ಥ 'ಜೆಲೋಸ್' ಎಂಬ ಹೆಸರಿನಿಂದ ಪರಿಚಿತವಾಯಿತು. ಅಂದಿನ ಉದ್ದೇಶ ಜಾಮ್ ಮತ್ತು ಜೆಲ್ಲಿ ತಯಾರಿಕೆ. ಸಕ್ಕರೆಯೊಂದಿಗೆ ಬೇಯಿಸಿದಾಗ ಇದು ಹಣ್ಣಿನ ಪೆಕ್ಟಿನ್‌ಗೆ ಸಮನಾಗಿ ಗಟ್ಟಿಕಟ್ಟುತ್ತದೆ, ಹುಳಿ ಇಲ್ಲದಿದ್ದರೂ ಕಟ್ಟುತ್ತದೆ. ಆದರೆ ರಾಸಾಯನಿಕವಾಗಿ ಇದು ಪೆಕ್ಟಿನ್ ಅಲ್ಲ, ಕ್ಸೈಲೊಗ್ಲುಕಾನ್.

ಕ್ಸೈಲೊಗ್ಲುಕಾನಿನ ಬೆನ್ನೆಲುಬು ಸೆಲ್ಯುಲೋಸಿನದ್ದೇ, ಅಂದರೆ ಬೀಟಾ-1,4 ಕೊಂಡಿಯ ಗ್ಲುಕೋಸ್ ಸರಪಳಿ. ಪ್ರತಿ ನಾಲ್ಕು ಗ್ಲುಕೋಸ್ ಘಟಕಗಳಲ್ಲಿ ಸಾಮಾನ್ಯವಾಗಿ ಮೂರಕ್ಕೆ ಕ್ಸೈಲೋಸ್ ರೆಂಬೆ ಇರುತ್ತದೆ. ಕೆಲವು ಕ್ಸೈಲೋಸ್‌ಗಳ ತುದಿಗೆ ಗ್ಯಾಲಕ್ಟೋಸ್ ಅಂಟಿರುತ್ತದೆ. ಗ್ಲುಕೋಸ್, ಕ್ಸೈಲೋಸ್ ಮತ್ತು ಗ್ಯಾಲಕ್ಟೋಸ್ ಸುಮಾರು 2.8 : 2.25 : 1ರ ಅನುಪಾತದಲ್ಲಿರುತ್ತವೆ. ಬರಿಯ ಸೆಲ್ಯುಲೋಸ್ ನೀರಿನಲ್ಲಿ ಕರಗದು, ಏಕೆಂದರೆ ಅದರ ಸರಪಳಿಗಳು ಒತ್ತೊತ್ತಾಗಿ ಜೋಡಿಕೊಳ್ಳುತ್ತವೆ. ಕ್ಸೈಲೊಗ್ಲುಕಾನ್ ಕರಗುವುದು ಈ ರೆಂಬೆಗಳು ಸರಪಳಿಗಳನ್ನು ದೂರ ಇಡುವುದರಿಂದ. ಹಾಗಾದರೆ ತುದಿಯ ಗ್ಯಾಲಕ್ಟೋಸನ್ನು ಅಳತೆಮೀರದಂತೆ ಕಿತ್ತುಹಾಕಿದರೆ ಕರಗುವಿಕೆಗೂ ಜೋಡಿಕೊಳ್ಳುವಿಕೆಗೂ ನಡುವಿನ ಒಂದು ಸ್ಥಿತಿಯನ್ನು ತಲುಪಬಹುದು. ಜಪಾನಿನ ಶಿರಾಕಾವಾ, ಯಮಾತೊಯಾ ಮತ್ತು ನಿಶಿನಾರಿ 1998ರಲ್ಲಿ ಬೀಟಾ-ಗ್ಯಾಲಕ್ಟೊಸಿಡೇಸ್ ಕಿಣ್ವದಿಂದ ಮಾಡಿ ತೋರಿಸಿದ್ದು ಇದನ್ನೇ. ಗ್ಯಾಲಕ್ಟೋಸಿನಲ್ಲಿ ಸುಮಾರು ಶೇ. 35ರಷ್ಟು ಹೋದ ಮೇಲೆ ದ್ರಾವಣ ಬಿಸಿಗೆ ಜೆಲ್ ಕಟ್ಟತೊಡಗುತ್ತದೆ. ಶೇ. 35ರಿಂದ 58ಕ್ಕೆ ಏರಿದಂತೆ ಜೆಲ್ ಕಟ್ಟುವ ಉಷ್ಣತೆ 40 ಡಿಗ್ರಿಯಿಂದ 5 ಡಿಗ್ರಿಗೆ ಇಳಿಯುತ್ತದೆ. ಇನ್ನೂ ಕಾಯಿಸಿದರೆ 80ರಿಂದ 110 ಡಿಗ್ರಿಯ ನಡುವೆ ಜೆಲ್ ಮತ್ತೆ ದ್ರವವಾಗುತ್ತದೆ. ಹೀಗೆ ಒಂದೇ ವಸ್ತು ತಂಪಿನಲ್ಲಿ ದ್ರವ, ನಡುವೆ ಜೆಲ್, ಅತಿ ಬಿಸಿಯಲ್ಲಿ ಮತ್ತೆ ದ್ರವ. ಪಾಲಿಮರ್ ವಿಜ್ಞಾನದಲ್ಲಿ ಇದು ನಿಜಕ್ಕೂ ಸೊಗಸಾದ ಪ್ರಕರಣ. ಹೊಸ ಮಾನೊಮರ್ ಇಲ್ಲ, ವಿಷಕಾರಿ ಅಡ್ಡಕೊಂಡಿ ಇಲ್ಲ. ಮರವೇ ಕಟ್ಟಿಕೊಟ್ಟ ಅಣುವಿನಿಂದ ಸ್ವಲ್ಪ ಭಾಗ ತೆಗೆದರೆ ಸಾಕು.

ಬೀಜದಿಂದ ಜೆಲ್‌ವರೆಗೆ

ಬೀಜದ ಕಂದು ಸಿಪ್ಪೆ ಬೀಜದ ತೂಕದ ನಾಲ್ಕನೆಯ ಒಂದರಷ್ಟಿದ್ದು, ಟ್ಯಾನಿನ್‌ನಿಂದ ತುಂಬಿದೆ. ಅದು ಉಳಿದರೆ ದ್ರಾವಣಕ್ಕೆ ಬಣ್ಣ ಬರುತ್ತದೆ, ಮುಂದೆ ಕಿಣ್ವದ ಕೆಲಸವೂ ಕುಂಟುತ್ತದೆ. ಆದ್ದರಿಂದ ಬೀಜವನ್ನು ಮರಳಿನಲ್ಲಿ ಹದವಾಗಿ ಹುರಿದು, ಸಿಪ್ಪೆ ಬಿರುಕುಬಿಟ್ಟ ಮೇಲೆ ಕುಟ್ಟಿ ತೂರುತ್ತಾರೆ. ಇಲ್ಲವೇ ನೀರಿನಲ್ಲಿ ನೆನೆಸಿ ಸುಲಿಯುತ್ತಾರೆ. ಹುರಿಯುವಾಗ ಬೆಂಕಿ ಹೆಚ್ಚಾದರೆ ಪಾಲಿಸ್ಯಾಕರೈಡ್ ಸರಪಳಿ ತುಂಡಾಗಿ ಅಂಟು ತೆಳುವಾಗುತ್ತದೆ. ಉತ್ತಮ ಜೆಲ್ ಬೇಕಾದವರು ನೆನೆಸುವ ದಾರಿಯನ್ನು ಆರಿಸಿಕೊಳ್ಳುವುದು ಲೇಸು. ಬಿಳಿ ಒಳತಿರುಳನ್ನು ಪುಡಿಮಾಡಿದರೆ ವ್ಯಾಪಾರದಲ್ಲಿ ಸಿಗುವ ಹುಣಸೆ ಬೀಜದ ಹಿಟ್ಟು. ಇದರಲ್ಲಿ ಪಾಲಿಸ್ಯಾಕರೈಡ್ ಜೊತೆಗೆ ಶೇ. 15ರಿಂದ 20ರಷ್ಟು ಪ್ರೋಟೀನ್ ಮತ್ತು ಕೊಂಚ ಎಣ್ಣೆ ಇರುತ್ತವೆ.

ಹೆಕ್ಸೇನಿನಂಥ ದ್ರಾವಕದಿಂದ ಎಣ್ಣೆ ತೆಗೆದ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಸುರಿದು, ಸುಮಾರು 20 ನಿಮಿಷ ಕಲಕುತ್ತ ಬೇಯಿಸಬೇಕು. ನೇರವಾಗಿ ಬಿಸಿನೀರಿಗೆ ಹಾಕಿದರೆ ಹೊರಪದರ ಮಾತ್ರ ಬೆಂದು ಒಳಗೆ ಒಣಹಿಟ್ಟು ಉಳಿಯುತ್ತದೆ. ರಾತ್ರಿಯಿಡೀ ಬಿಟ್ಟರೆ ಪ್ರೋಟೀನ್ ಮತ್ತು ನಾರು ತಳಕ್ಕೆ ಇಳಿಯುತ್ತವೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ಬಸಿದು, ಅದಕ್ಕೆ ಎರಡು ಪಟ್ಟು ಎಥನಾಲ್ ಬೆರೆಸಿದರೆ ಕ್ಸೈಲೊಗ್ಲುಕಾನ್ ಬಿಳಿ ನಾರುನಾರಾಗಿ ಹೊರಬರುತ್ತದೆ. ಅದನ್ನು ಹಿಂಡಿ, ಎಥನಾಲಿನಲ್ಲಿ ತೊಳೆದು, 50ರಿಂದ 60 ಡಿಗ್ರಿಯಲ್ಲಿ ಒಣಗಿಸಿ ಪುಡಿಮಾಡುತ್ತಾರೆ.

ಮುಂದಿನದು ನಿರ್ಣಾಯಕ ಹಂತ. ಶುದ್ಧ ಪುಡಿಯ ಸುಮಾರು ಶೇ. 2ರ ದ್ರಾವಣವನ್ನು ಪಿಎಚ್ 5ರ ಆಸುಪಾಸಿಗೆ ತಂದು, 50 ಡಿಗ್ರಿ ಉಷ್ಣತೆಯಲ್ಲಿಟ್ಟು, ಆಸ್ಪರ್ಜಿಲಸ್ ಒರೈಜೀ ಶಿಲೀಂಧ್ರದ ಬೀಟಾ-ಗ್ಯಾಲಕ್ಟೊಸಿಡೇಸ್ ಸೇರಿಸಲಾಗುತ್ತದೆ. ಕಿಣ್ವದ ಪ್ರಮಾಣ ಮತ್ತು ಕಾಲ ಇವೆರಡೂ ಸೇರಿ ಎಷ್ಟು ಗ್ಯಾಲಕ್ಟೋಸ್ ಹೋಗುತ್ತದೆ ಎಂಬುದನ್ನು ಗೊತ್ತುಪಡಿಸುತ್ತವೆ. ಗಂಟೆಗಂಟೆಗೂ ಸ್ವಲ್ಪ ದ್ರಾವಣ ತೆಗೆದು ಬಿಡುಗಡೆಯಾದ ಗ್ಯಾಲಕ್ಟೋಸನ್ನು ದ್ರವ ಕ್ರೊಮಟೊಗ್ರಫಿಯಿಂದ ಅಳೆಯುವುದು ರೂಢಿ. ಬೇಕಾದ ಮಟ್ಟ ಬಂದೊಡನೆ ಕುದಿಯುವ ನೀರಿನ ತೊಟ್ಟಿಯಲ್ಲಿಟ್ಟು ಕಿಣ್ವವನ್ನು ನಿಷ್ಕ್ರಿಯಗೊಳಿಸಬೇಕು. ತಡವಾದರೆ ಪಾತ್ರೆಯಲ್ಲೇ ಜೆಲ್ ಕಟ್ಟಿ ಕಿಣ್ವ ಒಳಗೆ ಸಿಕ್ಕಿಕೊಳ್ಳುತ್ತದೆ, ಮಾದರಿಯ ಒಂದು ಭಾಗ ಹೆಚ್ಚು, ಇನ್ನೊಂದು ಭಾಗ ಕಡಿಮೆ ಕತ್ತರಿಸಲ್ಪಡುತ್ತದೆ. ಕಿಣ್ವದಲ್ಲಿ ಸೆಲ್ಯುಲೇಸ್ ಕಲಬೆರಕೆ ಇದ್ದರೆ ಇನ್ನೂ ದೊಡ್ಡ ತೊಂದರೆ. ಬೆನ್ನೆಲುಬೇ ತುಂಡಾಗಿ, ಗ್ಯಾಲಕ್ಟೋಸ್ ಲೆಕ್ಕ ಸರಿಯಿದ್ದರೂ ಜೆಲ್ ಕಟ್ಟುವುದಿಲ್ಲ. ಕೊನೆಗೆ ಎಥನಾಲಿನಿಂದ ಬೇರ್ಪಡಿಸಿ, ಬಿಡುಗಡೆಯಾದ ಸಕ್ಕರೆಯನ್ನು ತೊಳೆದು, ಶೀತಶುಷ್ಕಗೊಳಿಸಿದ ಪುಡಿಯನ್ನು ತಣ್ಣೀರಿನಲ್ಲಿ ಕರಗಿಸಿದರೆ ಜೆಲ್ ಆಗಬಲ್ಲ ದ್ರಾವಣ ಸಿದ್ಧ. ತಣ್ಣೀರು ಎಂಬುದು ಇಲ್ಲಿ ಕಟ್ಟುನಿಟ್ಟಿನ ಮಾತು. ಕೋಣೆಯ ಉಷ್ಣತೆಯ ನೀರಿನಲ್ಲಿ ಕರಗಿಸಹೊರಟರೆ ಪುಡಿಯ ಹೊರಮೈ ತಕ್ಷಣ ಜೆಲ್ ಆಗಿ ಒಳಗಿನದು ನೆನೆಯುವುದೇ ಇಲ್ಲ.

ಕುಗ್ಗುವ ಜಾಲದ ತಯಾರಿ

ಐಸೊಪ್ರೊಪೈಲ್ ಅಕ್ರಿಲಮೈಡ್ ಜೆಲ್ಲಿನ ತಯಾರಿ ಬೇರೆಯೇ ದಾರಿ. ಮಾನೊಮರನ್ನು ಮೊದಲು ಹೆಕ್ಸೇನಿನಿಂದ ಪುನರ್‌ಸ್ಫಟಿಕೀಕರಿಸಿ ಶುದ್ಧಮಾಡುತ್ತಾರೆ. ಅದನ್ನು ನೀರಿನಲ್ಲಿ ಕರಗಿಸಿ, ಮಾನೊಮರಿನ ಶೇ. 1ರ ಆಸುಪಾಸು ಮೆಥಿಲೀನ್ ಬಿಸ್ ಅಕ್ರಿಲಮೈಡ್ ಎಂಬ ಅಡ್ಡಕೊಂಡಿ ಸೇರಿಸಿ, ಆಮ್ಲಜನಕ ಹೋಗುವಂತೆ ನೈಟ್ರೋಜನ್ ಹಾಯಿಸಿ, ಅಮೋನಿಯಂ ಪರ್‌ಸಲ್ಫೇಟ್ ಮತ್ತು ಟೆಮೆಡ್‌ಗಳಿಂದ ಕ್ರಿಯೆ ಆರಂಭಿಸುತ್ತಾರೆ. ಆಮ್ಲಜನಕ ಉಳಿದರೆ ಸ್ವತಂತ್ರ ರ‍್ಯಾಡಿಕಲ್‌ಗಳು ಅದಕ್ಕೇ ಬಲಿಯಾಗಿ ಜೆಲ್ ಮೃದುವಾಗುತ್ತದೆ ಅಥವಾ ಕಟ್ಟುವುದೇ ಇಲ್ಲ. ಕ್ರಿಯೆ ಶಾಖವನ್ನು ಹೊರಬಿಡುವುದರಿಂದ ಪಾತ್ರೆಯನ್ನು ತಂಪಾದ ನೀರಿನಲ್ಲಿ ಇರಿಸಬೇಕು. ಒಳಗಿನ ಉಷ್ಣತೆ 32 ಡಿಗ್ರಿ ದಾಟಿದರೆ ಸರಪಳಿಗಳು ಬೆಳೆಯುತ್ತಲೇ ಮುದುಡಿ, ತಿಳಿಯಾದ ಜೆಲ್ಲಿನ ಬದಲು ಬಿಳಿಯ, ರಂಧ್ರಮಯ ಜೆಲ್ ಸಿಗುತ್ತದೆ. ಅಂಥ ಜೆಲ್ ಬೇಗ ಉಬ್ಬಿ ಬೇಗ ಕುಗ್ಗುವುದರಿಂದ ಕೆಲವರು ಬೇಕೆಂದೇ ಹಾಗೆ ಮಾಡುವುದೂ ಉಂಟು. ಆದರೆ ಏಪ್ರಿಲ್ ತಿಂಗಳ ಪಾವಗಡದಲ್ಲಿಯೋ ಶಿರಾದಲ್ಲಿಯೋ ತಂಪು ತೊಟ್ಟಿಯಿಲ್ಲದೆ ಮೇಜಿನ ಮೇಲೆ ಮಾಡಿದ ಜೆಲ್ ಆಯ್ಕೆಯಿಂದಲ್ಲ, ಹವೆಯಿಂದಲೇ ಹಾಗಾಗುತ್ತದೆ.

ಸಿದ್ಧ ಜೆಲ್ಲನ್ನು ಬಿಲ್ಲೆಗಳಾಗಿ ಕತ್ತರಿಸಿ, ಹಲವು ದಿನ ನೀರು ಬದಲಿಸುತ್ತ ತೊಳೆಯಬೇಕು. ಉಳಿದ ಮಾನೊಮರ್ ನರಗಳಿಗೆ ವಿಷ. ಅದನ್ನು ತೊಳೆಯದ ಜೆಲ್ ಅಳತೆಗೂ ಬಾರದು, ಬಳಕೆಗೂ ಬಾರದು. ಬದಲಾಗುವ ಉಷ್ಣತೆಯನ್ನು ಮೇಲಕ್ಕೆ ಸರಿಸಲು ಅಕ್ರಿಲಮೈಡ್‌ನಂಥ ಜಲಪ್ರಿಯ ಮಾನೊಮರನ್ನೂ ಕೆಳಕ್ಕೆ ಇಳಿಸಲು ಬ್ಯುಟೈಲ್ ಮೆಥಾಕ್ರಿಲೇಟ್‌ನಂಥ ಜಲವಿರೋಧಿಯನ್ನೂ ಬೆರೆಸುತ್ತಾರೆ. ಸೂಕ್ಷ್ಮ ಗೋಲಿಗಳು ಬೇಕಾದಾಗ, ಪೆಲ್ಟನ್ ಮತ್ತು ಶಿಬಾಂಟೆ 1986ರಲ್ಲಿ ತೋರಿಸಿದಂತೆ, ಸುಮಾರು 70 ಡಿಗ್ರಿಯಲ್ಲಿ ಪಾಲಿಮರ್ ಒತ್ತರಿಸಿ ಹೊರಬರುವಂತೆಯೇ ಕ್ರಿಯೆ ನಡೆಸುವುದುಂಟು. ಎನ್-ವಿನೈಲ್ ಕ್ಯಾಪ್ರೊಲ್ಯಾಕ್ಟಮ್‌ನ ಪಾಲಿಮರ್ ಕೂಡ ಐಸೊಪ್ರೊಪೈಲ್ ಅಕ್ರಿಲಮೈಡ್‌ನಂತೆಯೇ 32 ಡಿಗ್ರಿಯ ಆಸುಪಾಸಿನಲ್ಲಿ ಬದಲಾಗುತ್ತದೆ.

ಕರ್ನಾಟಕದಲ್ಲಿ ಈ ಕ್ಷೇತ್ರದ ಒಂದು ಮುಖ್ಯ ಕೇಂದ್ರ ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದ ತೇಜರಾಜ ಅಮೀನಭಾವಿ ಅವರ ಬಳಗ ಗೋರಿಕಾಯಿ ಜಾತಿಯ ಗೌರ್ ಗೋಂದು, ಆಲ್ಜಿನೇಟ್, ಕೈಟೊಸಾನ್ ಮುಂತಾದ ಸಹಜ ಪಾಲಿಮರ್‌ಗಳಿಗೆ ಕೃತಕ ಸರಪಳಿಗಳನ್ನು ಕಸಿಮಾಡಿ ಔಷಧ ಸಾಗಿಸುವ ಜೆಲ್‌ಗಳನ್ನು ರೂಪಿಸಿತು. ಕುಮರೇಶ ಸೊಪ್ಪಿಮಠ, ಅಮೀನಭಾವಿ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ, ಪ್ರಚೋದನೆಗೆ ಸ್ಪಂದಿಸುವ ಜಾಣ ಹೈಡ್ರೋಜೆಲ್‌ಗಳ ಸಮೀಕ್ಷೆ ಈ ವಿಷಯಕ್ಕೆ ಒಳ್ಳೆಯ ಪ್ರವೇಶ. 2008ರಲ್ಲಿ ಅನಂತಪುರ ಮತ್ತು ಧಾರವಾಡದ ಸಂಶೋಧಕರು ಸೋಡಿಯಂ ಆಲ್ಜಿನೇಟ್ ಮತ್ತು ಐಸೊಪ್ರೊಪೈಲ್ ಅಕ್ರಿಲಮೈಡ್‌ಗಳ ಅರೆ-ಹೆಣೆದ ಜಾಲದ ಸೂಕ್ಷ್ಮಗೋಲಗಳನ್ನು ವರದಿ ಮಾಡಿದರು. ಎಣ್ಣೆಯಲ್ಲಿ ನೀರಿನ ಹನಿಗಳನ್ನು ಚದರಿಸುವ ವಿಧಾನದಿಂದ ಗೋಲಗಳನ್ನು ಮಾಡಿ, ಕ್ಯಾನ್ಸರ್ ಔಷಧ 5-ಫ್ಲೋರೊಯುರಾಸಿಲ್ ತುಂಬಿ, 25 ಮತ್ತು 37 ಡಿಗ್ರಿಗಳಲ್ಲಿ ಔಷಧ ಹೊರಬರುವ ವೇಗವನ್ನು ಹೋಲಿಸಿದರು. ಅರೆ-ಹೆಣೆದ ಜಾಲದಲ್ಲಿ ಒಂದು ಪಾಲಿಮರ್ ಅಡ್ಡಕೊಂಡಿಗಳಿಂದ ಬಿಗಿದಿರುತ್ತದೆ, ಇನ್ನೊಂದು ಅದರ ಕಣ್ಣುಗಳಲ್ಲಿ ಸುಮ್ಮನೆ ನುಸುಳಿರುತ್ತದೆ. ಸಹಜ ಪಾಲಿಮರ್ ದೇಹಸ್ನೇಹಿ ಗುಣ ಕೊಟ್ಟರೆ ಕೃತಕ ಪಾಲಿಮರ್ ಉಷ್ಣತೆಯ ಸ್ಪಂದನೆ ಕೊಡುತ್ತದೆ.

ಪರೀಕ್ಷೆಗಳು

ಬದಲಾಗುವ ಉಷ್ಣತೆ ಎಂಬುದು ವಸ್ತುವಿನ ಸ್ಥಿರ ಗುಣವಲ್ಲ. ಸಾಂದ್ರತೆ, ಲವಣ, ಕಾಯಿಸುವ ವೇಗ, ಅಳೆಯುವ ವಿಧಾನ ಇವುಗಳೊಂದಿಗೆ ಅದು ಸರಿಯುತ್ತದೆ. ಹೀಗಾಗಿ ಷರತ್ತುಗಳನ್ನು ಹೇಳದೆ ಕೊಟ್ಟ ಒಂಟಿ ಅಂಕಿಗೆ ಹೆಚ್ಚಿನ ಬೆಲೆಯಿಲ್ಲ. ಒಂದೇ ಮಾದರಿಯನ್ನು ಎರಡು ಮೂರು ಸ್ವತಂತ್ರ ವಿಧಾನಗಳಿಂದ ನೋಡಿದಾಗಲೇ ಚಿತ್ರ ಸ್ಪಷ್ಟವಾಗುತ್ತದೆ.

ಎಲ್ಲಕ್ಕಿಂತ ಸರಳವಾದದ್ದು ಕೊಳವೆ ಮಗುಚುವ ಪರೀಕ್ಷೆ. ದ್ರಾವಣ ತುಂಬಿದ ಕೊಳವೆಯನ್ನು ನೀರಿನ ತೊಟ್ಟಿಯಲ್ಲಿಟ್ಟು ಒಂದೊಂದೇ ಡಿಗ್ರಿ ಏರಿಸುತ್ತ, ಪ್ರತಿ ಹಂತದಲ್ಲೂ ಉಷ್ಣತೆ ಒಳಗೆ ಸಮನಾಗಲು ಬಿಟ್ಟು, ಮಗುಚಿದಾಗ ಹರಿಯದೆ ನಿಂತ ಉಷ್ಣತೆಯನ್ನು ಬರೆದುಕೊಳ್ಳುವುದು. ಯಾವ ಕಾಲೇಜಿನ ಪ್ರಯೋಗಾಲಯದಲ್ಲಾದರೂ ಮಾಡಬಹುದು. ದೋಷವೆಂದರೆ, ಬಹಳ ದಪ್ಪಗಿನ ದ್ರವವೂ ಕ್ಷಣಕಾಲ ಹರಿಯದೆ ನಿಲ್ಲುತ್ತದೆ, ದುರ್ಬಲ ಜೆಲ್ ತನ್ನ ಭಾರಕ್ಕೇ ಜಾರುತ್ತದೆ.

ಆ ಅನುಮಾನವನ್ನು ಪರಿಹರಿಸುವುದು ರಿಯಾಲಜಿ. ಎರಡು ತಟ್ಟೆಗಳ ನಡುವೆ ಮಾದರಿಯನ್ನಿಟ್ಟು ಮೆಲ್ಲಗೆ ಹಿಂದುಮುಂದು ತಿರುಗಿಸಿದಾಗ ಅದು ಎಷ್ಟು ಶಕ್ತಿಯನ್ನು ಹಿಡಿದಿಟ್ಟು ಮರಳಿಸುತ್ತದೆ, ಎಷ್ಟನ್ನು ಕಳೆಯುತ್ತದೆ ಎಂಬುದು ಸಂಗ್ರಹ ಮಾಡ್ಯುಲಸ್ ಮತ್ತು ನಷ್ಟ ಮಾಡ್ಯುಲಸ್ ಎಂಬ ಎರಡು ಅಳತೆಗಳಲ್ಲಿ ಸಿಗುತ್ತದೆ. ದ್ರವದಲ್ಲಿ ನಷ್ಟವೇ ಹೆಚ್ಚು, ಜೆಲ್ಲಿನಲ್ಲಿ ಸಂಗ್ರಹವೇ ಹೆಚ್ಚು. ಕಾಯಿಸುತ್ತ ಹೋದಾಗ ಎರಡು ರೇಖೆಗಳು ಒಂದನ್ನೊಂದು ದಾಟುವ ಬಿಂದುವನ್ನು ಸಾಮಾನ್ಯವಾಗಿ ಜೆಲ್ ಬಿಂದು ಎನ್ನುತ್ತಾರೆ. ಆದರೆ ಆ ದಾಟುಬಿಂದು ಆಂದೋಲನದ ಆವರ್ತನದೊಂದಿಗೆ ಸರಿಯಬಹುದು. ಎರಡರ ಅನುಪಾತವು ಆವರ್ತನವನ್ನು ಅವಲಂಬಿಸದಿರುವ ಉಷ್ಣತೆಯನ್ನು ಹುಡುಕುವ ವಿಂಟರ್ ಮತ್ತು ಶಂಬೋನ್ ಅವರ ಮಾನದಂಡ ಹೆಚ್ಚು ನಂಬಿಕೆಗೆ ಅರ್ಹ. ತಿರುಚುವಿಕೆ ಸಣ್ಣದಾಗಿರಬೇಕು, ಇಲ್ಲದಿದ್ದರೆ ಅಳೆಯುವ ಕ್ರಿಯೆಯೇ ಜೆಲ್ಲನ್ನು ಮುರಿಯುತ್ತದೆ. ಅಂಚಿಗೆ ತೆಳು ಎಣ್ಣೆ ಬಳಿಯದಿದ್ದರೆ 40 ಡಿಗ್ರಿ ದಾಟುವಾಗ ನೀರು ಆವಿಯಾಗಿ ಮಾದರಿ ಒಣಗುತ್ತದೆ; ಆಗ ಕಾಣುವ ಗಟ್ಟಿತನ ಜೆಲ್ಲಿನದಲ್ಲ, ಒಣಗಿದ ಅಂಟಿನದು. ಅಳತೆಯನ್ನು ಬಿಸಿಯಿಂದ ತಂಪಿಗೂ ಪುನರಾವರ್ತಿಸಬೇಕು. ಕ್ಸೈಲೊಗ್ಲುಕಾನ್ ಜೆಲ್ ಕಟ್ಟುವ ಉಷ್ಣತೆಗೂ ತಣಿಯುವಾಗ ಕರಗುವ ಉಷ್ಣತೆಗೂ ಅಂತರವಿರಬಹುದು, ಆ ಅಂತರ ಬಳಕೆಯಲ್ಲಿ ಲೆಕ್ಕಕ್ಕೆ ಬರುತ್ತದೆ.

ಕುಗ್ಗುವ ಜಾಲಗಳಿಗೆ ಮುಖ್ಯ ಪರೀಕ್ಷೆ ಉಬ್ಬುವಿಕೆ. ಒಣ ಬಿಲ್ಲೆಯನ್ನು ತೂಗಿ, ಗೊತ್ತಾದ ಉಷ್ಣತೆಯ ನೀರಿನಲ್ಲಿ ತೂಕ ಸ್ಥಿರವಾಗುವವರೆಗೆ ಇಟ್ಟು, ಮೇಲಿನ ತೇವವನ್ನು ಸೋಸುಕಾಗದದಿಂದ ಒತ್ತಿ ತೆಗೆದು ಮತ್ತೆ ತೂಗುತ್ತಾರೆ. ಹೀರಿದ ನೀರಿನ ತೂಕವನ್ನು ಒಣತೂಕದಿಂದ ಭಾಗಿಸಿದರೆ ಉಬ್ಬುವಿಕೆಯ ಅನುಪಾತ. ಇದನ್ನು 20ರಿಂದ 45 ಡಿಗ್ರಿಯವರೆಗೆ ಮಾಡಿ, ಬದಲಾವಣೆಯ ಹತ್ತಿರ ಒಂದೊಂದೇ ಡಿಗ್ರಿಯ ಅಂತರದಲ್ಲಿ ಅಂಕಿ ತೆಗೆದರೆ ಕುಸಿತದ ರೇಖೆ ಮೂಡುತ್ತದೆ. ತೇವ ಒರೆಸುವ ಕೈ ಬದಲಾದರೆ ಅಂಕಿಯೂ ಬದಲಾಗುವುದರಿಂದ ಕನಿಷ್ಠ ಮೂರು ಮಾದರಿಗಳ ಸರಾಸರಿ ಬೇಕು. ನೀರು ಒಳಬರುವ ವೇಗವನ್ನು ಕಾಲದೊಂದಿಗೆ ಅಳೆದು ಘಾತಸೂತ್ರಕ್ಕೆ ಹೊಂದಿಸುತ್ತಾರೆ. ಬಿಲ್ಲೆಯಲ್ಲಿ ಘಾತ 0.5 ಬಂದರೆ ನೀರು ಸರಳ ವಿಸರಣೆಯಿಂದ ಬರುತ್ತಿದೆ ಎಂದೂ 0.5ರಿಂದ 1ರ ನಡುವೆ ಬಂದರೆ ಸರಪಳಿಗಳು ಸಡಿಲಗೊಳ್ಳುವ ವೇಗವೂ ಕೈಹಾಕಿದೆ ಎಂದೂ ತಿಳಿಯಬಹುದು. ಈ ಸೂತ್ರ ಮೊದಲ ಶೇ. 60ರಷ್ಟು ಹೀರಿಕೆಗೆ ಮಾತ್ರ ಅನ್ವಯ.

ವೇಗದ ಬಗ್ಗೆ ತನಾಕಾ ಮತ್ತು ಫಿಲ್‌ಮೋರ್ 1979ರಲ್ಲಿ ಕೊಟ್ಟ ನಿಯಮ ಎಂದಿಗೂ ಉಪಯುಕ್ತ: ಉಬ್ಬಲು ಬೇಕಾದ ಕಾಲ ಜೆಲ್ಲಿನ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅರ್ಧ ಮಿಲಿಮೀಟರ್ ತ್ರಿಜ್ಯದ ಗೋಲಕ್ಕೆ ಗಂಟೆಗಳು ಬೇಕಾದರೆ ಅರ್ಧ ಮೈಕ್ರೋಮೀಟರಿನದ್ದಕ್ಕೆ ಸೆಕೆಂಡಿನ ಅಂಶ ಸಾಕು. ದಪ್ಪ ಬಿಲ್ಲೆಯೊಂದು ಬಿಸಿಗೆ ಸ್ಪಂದಿಸುತ್ತಿಲ್ಲ ಎಂದು ತೀರ್ಮಾನಿಸುವ ಮೊದಲು ಅದಕ್ಕೆ ಬೇಕಾದಷ್ಟು ಕಾಲ ಕೊಟ್ಟಿದೆಯೇ ಎಂದು ಕೇಳಬೇಕು.

ಕರಗಿದ ಪಾಲಿಮರಿಗೆ ಮಸುಕು ಬಿಂದುವಿನ ಅಳತೆ ಇದೆ. ಬೆಳಕುಮಾಪಕದಲ್ಲಿ ಸುಮಾರು 500 ನ್ಯಾನೋಮೀಟರ್ ಬೆಳಕನ್ನು ಹಾಯಿಸಿ, ನಿಮಿಷಕ್ಕೆ ಅರ್ಧ ಅಥವಾ ಒಂದು ಡಿಗ್ರಿ ಏರಿಸುತ್ತ, ಬೆಳಕು ಅರ್ಧಕ್ಕಿಳಿದ ಉಷ್ಣತೆಯನ್ನು ಗುರುತಿಸುತ್ತಾರೆ. ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್ ಅದೇ ಬದಲಾವಣೆಯನ್ನು ಶಾಖದ ಹೀರಿಕೆಯಾಗಿ ತೋರಿಸುತ್ತದೆ. ಬೇಗ ಕಾಯಿಸಿದರೆ ಅದರ ಶಿಖರ ಮೇಲಕ್ಕೆ ಜರುಗುತ್ತದೆ.

ರಚನೆಯನ್ನು ಖಚಿತಪಡಿಸಲು ಅವಕೆಂಪು ವರ್ಣಪಟಲ ಮತ್ತು ಎನ್‌ಎಂಆರ್ ಇವೆ. ಕ್ಸೈಲೊಗ್ಲುಕಾನಿಗೆ ಹಳೆಯದೊಂದು ಅಗ್ಗದ ಪರೀಕ್ಷೆಯೂ ಇದೆ. ಸೋಡಿಯಂ ಸಲ್ಫೇಟ್ ಬೆರೆತ ದ್ರಾವಣಕ್ಕೆ ಅಯೋಡಿನ್ ಹನಿಸಿದರೆ ನೀಲಿ-ಹಸಿರು ಬಣ್ಣ ಬರುತ್ತದೆ. ಒಳರಚನೆಯ ಚಿತ್ರಕ್ಕಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಳಸುವುದು ಸಾಮಾನ್ಯವಾದರೂ ಆ ಚಿತ್ರಗಳನ್ನು ಎಚ್ಚರದಿಂದ ಓದಬೇಕು. ಶೀತಶುಷ್ಕಗೊಳಿಸುವಾಗ ಬೆಳೆದ ಮಂಜುಹರಳುಗಳ ಗುರುತೇ ಅನೇಕ ಸಲ ಜೆಲ್ಲಿನ ರಂಧ್ರವೆಂದು ಮುದ್ರಣಗೊಳ್ಳುತ್ತದೆ.

ಔಷಧ ಬಿಡುಗಡೆಯನ್ನು 37 ಡಿಗ್ರಿಯಲ್ಲಿ, ಪಿಎಚ್ 7.4ರ ಫಾಸ್ಫೇಟ್ ದ್ರಾವಣದಲ್ಲಿ, ಕಾಲಕಾಲಕ್ಕೆ ಮಾದರಿ ತೆಗೆದು ಅಳೆಯುತ್ತಾರೆ. ತೆಗೆದಷ್ಟೇ ಹೊಸ ದ್ರಾವಣವನ್ನು ಮರಳಿ ಸೇರಿಸಬೇಕು. ಜೀವಕೋಶಗಳಿಗೆ ವಿಷವೇ ಎಂಬುದನ್ನು ಐಎಸ್‌ಒ 10993ರ ಐದನೆಯ ಭಾಗದ ಕ್ರಮದಂತೆ ನೋಡುತ್ತಾರೆ.

ಬಿಸಿಲು, ನೀರು ಮತ್ತು ಸಂಗ್ರಹ

ಪ್ರಯೋಗಾಲಯದ ಪುಸ್ತಕಗಳು ಕೋಣೆಯ ಉಷ್ಣತೆಯನ್ನು 20 ಅಥವಾ 25 ಡಿಗ್ರಿ ಎಂದು ಹಿಡಿಯುತ್ತವೆ. ಮಧುಗಿರಿ ಸೀಮೆಯ ಬೇಸಿಗೆಯ ಮಧ್ಯಾಹ್ನಕ್ಕೆ ಈ ಅಂಕಿ ಸಲ್ಲದು. ಶೇ. 44ರಷ್ಟು ಗ್ಯಾಲಕ್ಟೋಸ್ ತೆಗೆದ ಕ್ಸೈಲೊಗ್ಲುಕಾನಿನ ಶೇ. 1ರಿಂದ 2ರ ದ್ರಾವಣ 22ರಿಂದ 27 ಡಿಗ್ರಿಯ ನಡುವೆ ಜೆಲ್ ಆಗುತ್ತದೆ. ಜಪಾನಿನ ಔಷಧದಂಗಡಿಯ ಕಪಾಟಿನಲ್ಲಿ ಚಳಿಗಾಲವಿಡೀ ದ್ರವವಾಗಿ ಉಳಿಯುವ ಈ ದ್ರಾವಣ ಇಲ್ಲಿಯ ಕಪಾಟಿನಲ್ಲಿ ಬಾಟಲಿಯೊಳಗೇ ಗಟ್ಟಿಯಾಗುತ್ತದೆ. ಆದ್ದರಿಂದ ಒಣನಾಡಿನ ಊರುಗಳಿಗೆ ಶೇ. 35ಕ್ಕೆ ಹತ್ತಿರವಾದ, 35 ಡಿಗ್ರಿಯ ಆಸುಪಾಸಿನಲ್ಲಿ ಕಟ್ಟುವ ಮಾದರಿ ಹೆಚ್ಚು ಸೂಕ್ತ. ಆದರೂ 38 ಡಿಗ್ರಿ ದಾಟುವ ದಿನಗಳಲ್ಲಿ ಅದಕ್ಕೂ ಶೀತಕಪಾಟು ಬೇಕು, ಇಲ್ಲವೇ ಒಣಪುಡಿಯಾಗಿಟ್ಟು ಬಳಸುವ ಹೊತ್ತಿಗೆ ಕರಗಿಸಬೇಕು. ಕಿಣ್ವದ ಹಂತದಲ್ಲಿ ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನವನ್ನು ಹೀಗೆ ಊರಿನ ಹವೆಯೇ ಮಾಡುತ್ತದೆ.

ನೀರೂ ಅಷ್ಟೇ ಮುಖ್ಯ. ಲವಣ ಹೆಚ್ಚಿದಂತೆ ಐಸೊಪ್ರೊಪೈಲ್ ಅಕ್ರಿಲಮೈಡ್ ಜೆಲ್ ಕಡಿಮೆ ಉಷ್ಣತೆಯಲ್ಲೇ ಕುಸಿಯುತ್ತದೆ. ವಿದ್ಯುದಾವೇಶವಿರುವ ಅಕ್ರಿಲಿಕ್ ಜಾಲಗಳ ಉಬ್ಬುವಿಕೆ ಗಡಸು ನೀರಿನಲ್ಲಿ ಹಲವು ಪಟ್ಟು ಕುಗ್ಗುತ್ತದೆ, ಏಕೆಂದರೆ ಕ್ಯಾಲ್ಸಿಯಂ ಎರಡು ಸರಪಳಿಗಳನ್ನು ಕಟ್ಟಿಹಾಕುತ್ತದೆ. ಫ್ಲೋರೈಡ್‌ಗೆ ಹೆಸರಾದ ಪಾವಗಡದ ಕೊಳವೆಬಾವಿಯ ನೀರಿನಲ್ಲಿ ಕೆಲಸ ಮಾಡಬೇಕಾದ ಜೆಲ್ಲನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಮಾತ್ರ ಪರೀಕ್ಷಿಸಿ ಬಿಡುವುದು ತಪ್ಪು. ಕ್ಸೈಲೊಗ್ಲುಕಾನ್ ಆವೇಶರಹಿತವಾದ್ದರಿಂದ ಗಡಸುತನ ಅದನ್ನು ಅಷ್ಟಾಗಿ ಬಾಧಿಸುವುದಿಲ್ಲ.

ಹೊಲಕ್ಕೆ ಬಳಸುವ ಜೆಲ್‌ಗಳಲ್ಲಿ ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೋಜೆಲ್ ಉಷ್ಣತೆಯ ದೃಷ್ಟಿಯಿಂದ ಗಮನಾರ್ಹ. ಸೆಲ್ಯುಲೋಸಿಗೆ ಅಕ್ರಿಲಿಕ್ ಸರಪಳಿ ಕಸಿಮಾಡಿದ ಈ ಜೆಲ್ ಶುದ್ಧ ನೀರಿನಲ್ಲಿ ತನ್ನ ತೂಕದ 350 ಪಟ್ಟಿಗೂ ಹೆಚ್ಚು ಹೀರುತ್ತದೆ. ಅದರ ಹೀರಿಕೆ ಗರಿಷ್ಠವಾಗುವುದು ಒಣನಾಡಿನ ಮಣ್ಣಿನಲ್ಲಿ ಕಾಣುವ 40ರಿಂದ 50 ಡಿಗ್ರಿಯಲ್ಲಿ. ಹೆಕ್ಟೇರಿಗೆ 2.5ರಿಂದ 5 ಕಿಲೋ ಶಿಫಾರಸು. ಬಿಸಿಗೆ ಕುಗ್ಗುವ ಜೆಲ್ಲನ್ನು ಶೇಂಗಾ ಹೊಲಕ್ಕೆ ಹಾಕಿದರೆ ಅದು ಬೇರಿಗೆ ನೀರು ಬೇಕಾದ ಮಧ್ಯಾಹ್ನಕ್ಕೆ ಒಮ್ಮೆಲೇ ನೀರು ಬಿಟ್ಟು ಬರಿದಾಗುತ್ತದೆ. ಪೂಸಾ ಜೆಲ್ ಬಿಸಿಗೆ ಉಬ್ಬುವುದರಿಂದ ಒಣಭೂಮಿಗೆ ಒಗ್ಗುತ್ತದೆ.

ಔಷಧದಲ್ಲಿ ಬಳಕೆ

ಜಪಾನಿನ ಶೊಜೊ ಮಿಯಾಝಾಕಿ ಮತ್ತು ಮ್ಯಾಂಚೆಸ್ಟರಿನ ಡೇವಿಡ್ ಆಟ್‌ವುಡ್ ಅವರ ತಂಡ ಹುಣಸೆ ಕ್ಸೈಲೊಗ್ಲುಕಾನನ್ನು 1998ರಿಂದ ಬೇರೆಬೇರೆ ಔಷಧಗಳೊಂದಿಗೆ ಒಂದೊಂದಾಗಿ ಪರೀಕ್ಷಿಸಿತು. ಈ ಜೆಲ್ಲಿನಲ್ಲಿ ಗುದದ್ವಾರದ ಮೂಲಕ ಕೊಟ್ಟ ಇಂಡೊಮೆಥಾಸಿನ್ ಔಷಧ ಮೊಲಗಳಲ್ಲಿ ಮಾರುಕಟ್ಟೆಯ ಗುದಗುಳಿಗೆಯಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಹೊತ್ತು ಉಳಿಯಿತು. 2001ರಲ್ಲಿ ಕಣ್ಣಿಗೆ ಹಾಕುವ ಪೈಲೊಕಾರ್ಪಿನ್ ಹನಿಯಲ್ಲಿ ಶೇ. 1.5ರ ಕ್ಸೈಲೊಗ್ಲುಕಾನ್ ಕೊಟ್ಟ ಪರಿಣಾಮ ಪ್ಲುರೋನಿಕ್ ಎಫ್127 ಎಂಬ ಪಾಲಿಮರಿನ ಶೇ. 25ರ ಜೆಲ್ಲಿನದಕ್ಕೆ ಸಮನಾಗಿತ್ತು. ಪಾಲಿಮರಿನ ಪ್ರಮಾಣ ಸುಮಾರು ಹದಿನೇಳನೆಯ ಒಂದರಷ್ಟು ಸಾಕಾಯಿತು ಎಂಬುದೇ ಇಲ್ಲಿ ಮುಖ್ಯ. ಕಣ್ಣಿಗೆ ಬಿದ್ದ ಹನಿ ಕಣ್ಣೀರಿನೊಡನೆ ತೊಳೆದುಹೋಗುವ ಮೊದಲೇ ಜೆಲ್ ಆಗಿ, ರೆಪ್ಪೆಯ ಒಳಗೆ ನಿಂತು ಔಷಧವನ್ನು ನಿಧಾನವಾಗಿ ಬಿಡುತ್ತದೆ.

ಕ್ಸೈಲೊಗ್ಲುಕಾನ್ ಬಿಸಿಗೆ ಕುಗ್ಗುವುದಿಲ್ಲವಾದ್ದರಿಂದ ಔಷಧವನ್ನು ಹಿಂಡಿ ಹೊರಹಾಕುವ ಕೆಲಸಕ್ಕೆ ಅದು ಒದಗದು. ಅಲ್ಲಿ ಐಸೊಪ್ರೊಪೈಲ್ ಅಕ್ರಿಲಮೈಡಿನ ಜಾಲವೇ ಬೇಕು. ಟೋಕಿಯೊ ಮಹಿಳಾ ವೈದ್ಯಕೀಯ ವಿಶ್ವವಿದ್ಯಾಲಯದ ಟೆರುವೊ ಒಕಾನೊ ಅವರ ಬಳಗ ಆ ಪಾಲಿಮರನ್ನು ಕೋಶ ಬೆಳೆಸುವ ತಟ್ಟೆಗಳ ಮೇಲೆ ತೆಳುವಾಗಿ ಲೇಪಿಸಿ, ತಟ್ಟೆಯನ್ನು ತಣಿಸಿದೊಡನೆ ಜೀವಕೋಶಗಳ ಹಾಳೆಯನ್ನು ಕಿಣ್ವವಿಲ್ಲದೆ ಇಡಿಯಾಗಿ ಬಿಡಿಸಿಕೊಳ್ಳುವ ವಿಧಾನವನ್ನು ರೂಪಿಸಿತು. ಆ ಪಾಲಿಮರ್ ದೇಹದಲ್ಲಿ ಜೀರ್ಣವಾಗುವುದಿಲ್ಲ ಎಂಬುದು ಅದರ ದೊಡ್ಡ ಮಿತಿ. ಕ್ಸೈಲೊಗ್ಲುಕಾನನ್ನು ಒಡೆಯುವ ಕಿಣ್ವಗಳು ಮನುಷ್ಯನ ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಲ್ಲಿವೆ. ಹಾಗಾಗಿ ಬಾಯಿ ಮತ್ತು ಗುದದ ಮೂಲಕ ಕೊಡುವ ಔಷಧಗಳಿಗೆ ಹುಣಸೆ ಬೀಜದ ಜೆಲ್ ಹೆಚ್ಚು ಹೊಂದುತ್ತದೆ. ರಕ್ತನಾಳ ಅಥವಾ ಸ್ನಾಯುವಿನೊಳಗೆ ಚುಚ್ಚುವ ಬಳಕೆಗೆ ಮಾತ್ರ ಬೀಜದ ಪ್ರೋಟೀನ್ ಶೇಷವನ್ನೂ ಬ್ಯಾಕ್ಟೀರಿಯಾ ವಿಷವನ್ನೂ ಪೂರ್ತಿಯಾಗಿ ತೆಗೆಯುವ ಹೆಚ್ಚುವರಿ ಶುದ್ಧೀಕರಣ ಬೇಕಾಗುತ್ತದೆ.